ಯುದ್ಧ ಬೇಡವೆಂದ ಕವಿತೆಗಳು: ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಓದುಗರ ಬಳಗಗಳಲ್ಲಿ, ಕಾಲೇಜಿನ ಕನ್ನಡ ತರಗತಿಗಳಲ್ಲಿ, ಗ್ರಂಥಾಲಯದ ಜಗಲಿಯಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಇಟ್ಟಿದ್ದೇವೆ. ಮನೆಯಲ್ಲಿ ಒಬ್ಬರೇ ಕೂತು ಓದುವವರಿಗೂ, ಊರಿನಲ್ಲಿ ಒಂದು ಸಂಜೆಯ ಕಾವ್ಯವಾಚನ ಏರ್ಪಡಿಸಬೇಕೆಂದಿರುವವರಿಗೂ ಉಪಯೋಗವಾಗಲಿ ಎಂಬುದು ಉದ್ದೇಶ.

ಯುದ್ಧದ ಬಗ್ಗೆ ಬರೆದದ್ದೆಲ್ಲ ಯುದ್ಧವಿರೋಧಿ ಕವಿತೆಯೇ?

ಅಲ್ಲ. ಯುದ್ಧವನ್ನು ವರ್ಣಿಸುವ ಕಾವ್ಯದಲ್ಲಿ ಹೆಚ್ಚಿನದು ವೀರರಸದ್ದು. ಅಲ್ಲಿ ಸಾವು ಅಲಂಕಾರವಾಗಿ ಬರುತ್ತದೆ: ತಲೆಗಳು ತಾವರೆಯಂತೆ ಉರುಳುತ್ತವೆ, ನೆತ್ತರು ಹೊಳೆಯಾಗುತ್ತದೆ, ಓದುವವನ ಮೈ ನವಿರೇಳುತ್ತದೆ. ಯುದ್ಧವಿರೋಧಿ ಕವಿತೆ ಅದೇ ರಣರಂಗವನ್ನು ಕರುಣಕ್ಕೋ ಬೀಭತ್ಸಕ್ಕೋ ತಿರುಗಿಸುತ್ತದೆ. ಅನುಮಾನ ಬಂದಾಗ ಮೂರು ವಿಷಯ ನೋಡಿ. ಸತ್ತವನಿಗೆ ಹೆಸರು, ಮೈ, ಮನೆ ಇದೆಯೋ, ಇಲ್ಲ ಅವನು ಬರೀ ಲೆಕ್ಕವೋ? ಎದುರಾಳಿ ಮನುಷ್ಯನಾಗಿ ಕಾಣುತ್ತಾನೋ? ಕವಿತೆ ಗೆಲುವಿಗೆ ಮುಗಿಯುತ್ತದೋ, ಗೆಲುವಿನ ಮಾರನೆಯ ದಿನವನ್ನೂ ನೋಡುತ್ತದೋ?

'ಯುದ್ಧ ಕೆಟ್ಟದ್ದು' ಎಂದು ಘೋಷಿಸುವ ಸಾಲು ಇದ್ದ ಮಾತ್ರಕ್ಕೆ ಒಳ್ಳೆಯ ಯುದ್ಧವಿರೋಧಿ ಕವಿತೆ ಆಗುವುದಿಲ್ಲ. ಈ ಪರಂಪರೆಯ ಅತ್ಯುತ್ತಮ ಪದ್ಯಗಳಲ್ಲಿ ಅಂಥ ಸಾಲು ಸಿಗುವುದೇ ಅಪರೂಪ.

ಇದು ಮೊದಲ ಮಹಾಯುದ್ಧದ ನಂತರ ಇಂಗ್ಲೆಂಡಿನಿಂದ ಬಂದ ಪ್ರಕಾರವಲ್ಲವೇ? ಕನ್ನಡದಲ್ಲಿ ಇದೆಯೇ?

ಸಾವಿರ ವರ್ಷದಿಂದ ಇದೆ. ಅದರಲ್ಲಿ ಬಹಳಷ್ಟು ನಮ್ಮ ಈ ಎರಡು ಜಿಲ್ಲೆಗಳಿಗೇ ತಾಗಿಕೊಂಡಿದೆ.

ಮೊದಲು ಎದುರು ಪಕ್ಷವನ್ನು ನೋಡೋಣ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ಹೇಳುವ 16 ಸಾಲಿನ ಶಾಸನ ಇರುವುದೇ ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಕೊಟ್ಟ 'ಬಾಳ್ಗಳ್ಚು' ದತ್ತಿಯ ಬಗ್ಗೆ. ಕತ್ತಿ ತೊಳೆಯುವ ಗೌರವದ ದಾನ ಅದು. ಇನ್ನು ವೀರಗಲ್ಲುಗಳು ನಮ್ಮ ಕಡೆ ಊರೂರಿಗೂ ಇವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತಿರುವುದು. ಕೆಲವದರ ಮೇಲೆ ಒಂದು ಸಂಸ್ಕೃತ ಶ್ಲೋಕವೂ ಇರುತ್ತದೆ: 'ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ'. ಗೆದ್ದರೆ ಸಂಪತ್ತು, ಸತ್ತರೆ ದೇವಕನ್ಯೆ. ಕ್ಷಣದಲ್ಲಿ ಹೋಗುವ ಈ ಮೈಗೆ ರಣದಲ್ಲಿ ಸಾಯುವ ಚಿಂತೆಯೇಕೆ ಎಂದು ಮುಂದುವರಿಯುತ್ತದೆ. ನಮ್ಮ ಕವಿಗಳು ಯುದ್ಧದ ಬಗ್ಗೆ ಬೇರೆ ಮಾತು ಆಡಬೇಕಾದಾಗ ಈ ಕಲ್ಲಿನಷ್ಟು ಗಟ್ಟಿಯಾದ ಹೊಗಳಿಕೆಯ ಎದುರು ನಿಂತೇ ಆಡಬೇಕಿತ್ತು.

ಪಂಪನ ಆದಿಪುರಾಣದಲ್ಲಿ (941) ಭರತ, ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ನಡುವೆ ಬರುತ್ತಾರೆ. ಅಣ್ಣತಮ್ಮಂದಿರ ಹಟಕ್ಕೆ ಜನ ಸಾಯುವುದು ಬೇಡ, ಇಬ್ಬರೇ ಹೋರಾಡಿ ಎನ್ನುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ನಡೆಯುತ್ತವೆ. ಮೂರರಲ್ಲೂ ತಮ್ಮನೇ ಗೆಲ್ಲುತ್ತಾನೆ. ಗೆದ್ದ ಗಳಿಗೆಯಲ್ಲೇ ಎಲ್ಲವನ್ನೂ ಬಿಟ್ಟುಕೊಡುತ್ತಾನೆ. ಆಗ ಅವನು ಆಡುವ ಪದ್ಯದ ಮೂರನೆಯ ಸಾಲು ಹೀಗಿದೆ:

ವಲಯಮನಯ್ಯನಿತ್ತುದುಮನಾಂ ನಿನಗಿತ್ತೆನಿದೇವುದಣ್ಣ

ಅಪ್ಪ ನನಗೆ ಕೊಟ್ಟ ನೆಲವನ್ನೂ ನಿನಗೇ ಕೊಟ್ಟೆ, ಇದೇನಣ್ಣ ಎಂದರ್ಥ. ಕ್ಷಣದ ಹಿಂದೆ ತನ್ನ ಮೇಲೆ ಚಕ್ರವನ್ನೇ ಪ್ರಯೋಗಿಸಿದ್ದ ಭರತನನ್ನು ಬಾಹುಬಲಿ ಕರೆಯುವುದು 'ಅಣ್ಣ' ಎಂದು. ಇಡೀ ಆದಿಪುರಾಣದಲ್ಲಿ ಯುದ್ಧ ಸೋಲುವ ಜಾಗ ಅದೇ ಎಂಬುದು ನಮ್ಮ ಅಭಿಪ್ರಾಯ.

ರನ್ನನ ಗದಾಯುದ್ಧದಲ್ಲಿ ಸೋತ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದುಹೋಗುವ ಭಾಗವಿದೆ. ದ್ರೋಣನನ್ನು, ಮಗ ಲಕ್ಷಣಕುಮಾರನನ್ನು, ದುಶ್ಶಾಸನನನ್ನು, ಕರ್ಣನನ್ನು ಅವನು ಒಬ್ಬೊಬ್ಬರಾಗಿ ಕಾಣುತ್ತಾನೆ. ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಅಭಿಮನ್ಯುವಿನ ಮುಂದೆಯೂ ನಿಂತು, ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನಮಗೆ ಬರಲಿ ಎಂದು ಕೇಳಿಕೊಳ್ಳುತ್ತಾನೆ. ಭೀಮನನ್ನು ಹೊಗಳಲೆಂದೇ ಬರೆದ ಕಾವ್ಯದಲ್ಲಿ ಓದುಗರ ಕಣ್ಣು ತುಂಬುವುದು ಎದುರಾಳಿಯ ದುಃಖಕ್ಕೆ.

ಜನ್ನ ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ. ನಿಂತರೆ ದಂಡಾಧೀಶ, ಕೂತರೆ ಮಂತ್ರಿ ಎನಿಸಿಕೊಂಡವನು. ಅಂಥವನು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ರಾಜ ತಾಯಿಯ ಒತ್ತಾಯಕ್ಕೆ ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆದರೂ ಪಾಪ ತಪ್ಪುವುದಿಲ್ಲ: ಕೊಲ್ಲಬೇಕೆಂಬ ಸಂಕಲ್ಪವೇ ಹಿಂಸೆ ಎನ್ನುತ್ತದೆ ಆ ಕಾವ್ಯ, ತಾಯಿ, ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಸಾವಿರಾರು ಮೈಲಿ ದೂರದಲ್ಲಿ ಪರದೆಯ ಮುಂದೆ ಕೂತು ಗುಂಡಿ ಒತ್ತಿ ಕೊಲ್ಲಬಹುದಾದ ಈ ಕಾಲದಲ್ಲಿ ಇದಕ್ಕಿಂತ ಹತ್ತಿರದ ಕಾವ್ಯ ಹುಡುಕುವುದು ಕಷ್ಟ.

ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಕಾಳಗಗಳಿಗೆ ಬರವಿಲ್ಲ. ಆದರೆ ಅದು ಹೊರಡುವುದೇ ಗೆದ್ದ ಧರ್ಮರಾಯನಿಗೆ ನಿದ್ದೆ ಬಾರದ್ದರಿಂದ: ಬಂಧುಗಳನ್ನು ಕೊಂದ ಪಾಪ ಕಳೆಯಲೆಂದು ಅಶ್ವಮೇಧ. ಆ ಯಾಗ ಮತ್ತಷ್ಟು ಯುದ್ಧಗಳನ್ನು ಹುಟ್ಟಿಸುತ್ತದೆ, ಕೊನೆಗೆ ಮಗ ಬಭ್ರುವಾಹನನೇ ತಂದೆ ಅರ್ಜುನನ ತಲೆ ಉರುಳಿಸುತ್ತಾನೆ. ಇದನ್ನು ಯುದ್ಧವಿರೋಧಿ ಕಾವ್ಯ ಎಂದು ಕರೆದರೆ ಉತ್ಪ್ರೇಕ್ಷೆಯಾದೀತು. ಆದರೂ ಈ ಕೊಂಡಿಯನ್ನು ಗಮನಿಸಿಕೊಂಡು ಓದಿದರೆ ಸುಧನ್ವನ ಕಾಳಗದ ಅಬ್ಬರ ಬೇರೆಯಾಗಿಯೇ ಕೇಳಿಸುತ್ತದೆ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1931ರಲ್ಲಿ 'ಸ್ಮಶಾನ ಕುರುಕ್ಷೇತ್ರಂ' ಪ್ರಕಟಿಸಿದರು. ಅದು ಯುದ್ಧ ಮುಗಿದ ರಾತ್ರಿಯ ಪದ್ಯನಾಟಕ. ಹೆಸರೇ ಹೇಳುವಂತೆ, ಅಲ್ಲಿರುವುದು ಗೆದ್ದವರ ಮೆರವಣಿಗೆಯಲ್ಲ. ಹಿಂದಿಯಲ್ಲಿ ಧರ್ಮವೀರ ಭಾರತಿಯವರ 'ಅಂಧಾ ಯುಗ್' ಇದೇ ಕುರುಕ್ಷೇತ್ರದ ಕೊನೆಯ ದಿನವನ್ನು ಹಿಡಿದು ಬಂದದ್ದು 1954ರಲ್ಲಿ. ದೇಶವೆಲ್ಲ ಆ ನಾಟಕವನ್ನು ಬಲ್ಲದು. ಅದಕ್ಕೂ ಎರಡು ದಶಕ ಹಿಂದಿನ ನಮ್ಮದನ್ನು ನಾವೇ ಹೆಚ್ಚು ಓದುತ್ತಿಲ್ಲ.

ಪಂಪನೇ ಕತ್ತಿ ಹಿಡಿದವನು. ಅವನನ್ನು ಯುದ್ಧವಿರೋಧಿ ಅನ್ನುವುದು ಸರಿಯೇ?

ಪಂಪನನ್ನು ಹಾಗೆ ಕರೆಯುವುದು ತಪ್ಪು. ಅವನು ಕವಿಯೂ ಹೌದು, ಕಲಿಯೂ ಹೌದು. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಒಂದು ಕಾವ್ಯವನ್ನೇ ಬರೆದವನು. ಈ ಹೆಸರು ಕವಿಯ ಇಡೀ ಬದುಕಿಗೆ ಹಚ್ಚುವಂಥದ್ದಲ್ಲ, ಪದ್ಯಕ್ಕೆ, ಪ್ರಸಂಗಕ್ಕೆ ಸಲ್ಲುವಂಥದ್ದು. ರನ್ನನಿಗೂ ಜನ್ನನಿಗೂ ಇದೇ ಮಾತು. ಯುದ್ಧವನ್ನು ಬಲ್ಲವರು ಬರೆದದ್ದಾದ್ದರಿಂದಲೇ ಆ ಸಾಲುಗಳಿಗೆ ತೂಕ ಹೆಚ್ಚು.

ಹಳಗನ್ನಡ ಪದ್ಯ ಅರ್ಥವೇ ಆಗುವುದಿಲ್ಲ. ಹೇಗೆ ಓದುವುದು?

ಒಂದು ಕಂದಪದ್ಯ ಹಿಡಿದು ಮಾಡಿ ತೋರಿಸುತ್ತೇವೆ. ಗದಾಯುದ್ಧದಲ್ಲಿ ಸತ್ತುಬಿದ್ದ ಮಗನನ್ನು ಕಂಡು ದುರ್ಯೋಧನ ಹೇಳುವುದು:

ಜನಕಂಗೆ ಜಲಾಂಜಲಿಯಂ
ತನೂಭವಂ ಕುಡುವುದುಚಿತಮದುಗೆಟ್ಟೀಗಳ್
ನಿನಗಾಂ ಕುಡುವಂತಾದುದೆ
ತನೂಜ ನೀಂ ಕ್ರಮವಿಪರ್ಯಯಂ ಮಾಡುವುದೇ

ಮೊದಲು ಅರ್ಥದ ಗೊಡವೆಗೇ ಹೋಗದೆ ಎರಡು ಸಲ ಗಟ್ಟಿಯಾಗಿ ಓದಿ. ನಾಲ್ಕು ನಾಲ್ಕು ಮಾತ್ರೆಯ ಗಣಗಳು ತಾವಾಗಿ ಕಿವಿಗೆ ಬೀಳುತ್ತವೆ: ಜನಕಂ / ಗೆ ಜಲಾಂ / ಜಲಿಯಂ. ಒಂದನೆಯ, ಮೂರನೆಯ ಸಾಲಿಗೆ ಮೂರು ಗಣ. ಎರಡನೆಯ, ನಾಲ್ಕನೆಯ ಸಾಲಿಗೆ ಐದು.

ಆಮೇಲೆ ಪೆನ್ಸಿಲ್ ಹಿಡಿದು ಸಂಧಿ ಬಿಡಿಸಿ. ಎರಡನೆಯ ಸಾಲು ಒಂದೇ ಉಸಿರಿನ ಪದದಂತೆ ಕಾಣುತ್ತದೆ. ಬಿಡಿಸಿದರೆ 'ಕುಡುವುದು ಉಚಿತಂ, ಅದು ಕೆಟ್ಟು ಈಗಳ್'. ಮೂರನೆಯದು 'ನಿನಗೆ ಆಂ ಕುಡುವಂತೆ ಆದುದೆ'. ಹಳಗನ್ನಡದಲ್ಲಿ ತಡವರಿಸುವುದು ಬಹುಮಟ್ಟಿಗೆ ಇಲ್ಲೇ. ಶಬ್ದ ಕಷ್ಟವಾಗಿರುವುದಿಲ್ಲ, ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸಿದ ಮೇಲೆ ಈ ಪದ್ಯದಲ್ಲಿ ನಿಘಂಟು ನೋಡಬೇಕಾದ ಪದ ಎರಡೋ ಮೂರೋ: ತನೂಭವ ಮತ್ತು ತನೂಜ ಎಂದರೆ ಮಗ, ವಿಪರ್ಯಯ ಎಂದರೆ ತಲೆಕೆಳಗು, ಕುಡು ಎಂದರೆ ಕೊಡು.

ಈಗ ಅರ್ಥ: ಅಪ್ಪನಿಗೆ ಮಗ ನೀರು ಬಿಡುವುದು ಸರಿಯಾದ ಕ್ರಮ, ಅದು ಕೆಟ್ಟು, ಈಗ ನಿನಗೆ ನಾನು ಬಿಡುವಂತಾಯಿತಲ್ಲ, ಮಗನೇ, ನೀನು ಹೀಗೆ ಕ್ರಮ ತಪ್ಪಿಸಬಹುದೇ?

ಕೊನೆಯಲ್ಲಿ ಮತ್ತೆ ಒಮ್ಮೆ ಗಟ್ಟಿಯಾಗಿ, ಈ ಸಲ ನಿಧಾನವಾಗಿ, 'ತನೂಜ' ಎಂಬಲ್ಲಿ ಸ್ವಲ್ಪ ನಿಂತು ಓದಿ. ಈ ಪದ್ಯದಲ್ಲಿ ರಕ್ತವಿಲ್ಲ, ಆಯುಧವಿಲ್ಲ. ಸತ್ತ ಮಗನಿಗೆ ಗದರುವ ತಂದೆಯ ದನಿ ಮಾತ್ರ ಇದೆ. ಶಾಂತಿಯಲ್ಲಿ ಮಕ್ಕಳು ತಂದೆಯರನ್ನು ಮಣ್ಣು ಮಾಡುತ್ತಾರೆ, ಯುದ್ಧದಲ್ಲಿ ತಂದೆಯರು ಮಕ್ಕಳನ್ನು ಎಂಬ ಮಾತು ರನ್ನನಿಗಿಂತ ಹದಿನಾಲ್ಕು ಶತಮಾನಕ್ಕೂ ಹಿಂದಿನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನಲ್ಲಿ ಬರುತ್ತದೆ. ಅಲ್ಲಿ ಅದು ತಿಳಿದವನು ಹೇಳುವ ವಿವೇಕದ ಮಾತು. ರನ್ನನಲ್ಲಿ ನೀರು ಬಿಡಬೇಕಾದವನೇ ಮಾತಾಡುತ್ತಿದ್ದಾನೆ.

ಮೊದಲ ಮಹಾಯುದ್ಧದ ಕವಿತೆಗಳಿಗೆ ಅಷ್ಟೊಂದು ಮಹತ್ವ ಏಕೆ?

ಕಂದಕದಲ್ಲಿ ನಿಂತವರೇ, ನಿಂತಿದ್ದಾಗಲೇ ಬರೆದರು ಎಂಬುದು ಒಂದು ಕಾರಣ. ಆಯುಧಗಳು ಬದಲಾಗಿದ್ದವು ಎಂಬುದು ಇನ್ನೊಂದು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ದೊಡ್ಡ ಪ್ರಮಾಣದಲ್ಲಿ ಬಿಟ್ಟಿತು. ಗಾಳಿಯಲ್ಲಿ ಬರುವ ಸಾವಿನ ಎದುರು ಪರಾಕ್ರಮ ತೋರಿಸಲು ಜಾಗವೇ ಇರಲಿಲ್ಲ; ಹಳೆಯ ವೀರರಸದ ಮಾತುಗಳು ಅಲ್ಲಿ ಕೆಲಸಕ್ಕೆ ಬಾರದಾದವು.

ವಿಲ್‌ಫ್ರೆಡ್ ಓವೆನ್ 1917ರಲ್ಲಿ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಸೈನಿಕ ಆಸ್ಪತ್ರೆಯಲ್ಲಿದ್ದಾಗ ಬರೆಯತೊಡಗಿದ 'ಡಲ್ಸೆ ಎಟ್ ಡೆಕೋರಮ್ ಎಸ್ಟ್' 28 ಸಾಲಿನದು. ಅದರ ನಡೆ ಹೀಗಿದೆ: ಗೋಣಿಚೀಲ ಹೊತ್ತ ಮುದಿ ಭಿಕ್ಷುಕರಂತೆ ಬಗ್ಗಿಕೊಂಡು ಸೈನಿಕರು ಕೆಸರಿನಲ್ಲಿ ಹಿಂದಿರುಗುತ್ತಿದ್ದಾರೆ, ಕೆಲವರ ಕಾಲಲ್ಲಿ ಬೂಟೂ ಇಲ್ಲ. ಅನಿಲ ಬಂತೆಂದು ಕೂಗು. ಎಲ್ಲರೂ ಮುಖವಾಡ ಸಿಕ್ಕಿಸಿಕೊಳ್ಳುತ್ತಾರೆ, ಒಬ್ಬನಿಗೆ ಮಾತ್ರ ಆಗುವುದಿಲ್ಲ. ಮುಖವಾಡದ ಗಾಜಿನ ಹಸಿರು ಮಬ್ಬಿನಲ್ಲಿ ಅವನು ಸಮುದ್ರದಡಿ ಮುಳುಗುವವನಂತೆ ಕಾಣುತ್ತಾನೆ. ಅವನನ್ನು ಗಾಡಿಗೆ ಎಸೆದು ಅದರ ಹಿಂದೆ ನಡೆಯುತ್ತಾರೆ. ಆಗ ಕವಿತೆ ಥಟ್ಟನೆ ಓದುಗನ ಕಡೆ ತಿರುಗಿ, ಇದನ್ನು ನೀನು ನೋಡಿದ್ದರೆ ಮಕ್ಕಳಿಗೆ ಆ ಹಳೆಯ ಸುಳ್ಳನ್ನು ಹೇಳುತ್ತಿರಲಿಲ್ಲ ಎನ್ನುತ್ತದೆ. ತಾಯ್ನಾಡಿಗಾಗಿ ಸಾಯುವುದು ಸಿಹಿ, ಯೋಗ್ಯ ಎಂಬ ರೋಮನ್ ಕವಿ ಹೊರೇಸನ ಸಾಲೇ ಆ ಸುಳ್ಳು. ನಮ್ಮ ವೀರಗಲ್ಲಿನ ಶ್ಲೋಕವನ್ನು ಇದರ ಪಕ್ಕ ಇಟ್ಟು ಓದಿ ನೋಡಿ.

ಓವೆನ್ ಮತ್ತೆ ರಣರಂಗಕ್ಕೆ ಹೋಗಿ 1918ರ ನವೆಂಬರ್ 4ರಂದು, ಕದನವಿರಾಮಕ್ಕೆ ಒಂದು ವಾರ ಇರುವಾಗ ಸತ್ತ. ಅವನಿಗೆ 25 ವರ್ಷ. ಅವನ ಜೇಬಿನ ಪುಸ್ತಕದಲ್ಲಿ ರವೀಂದ್ರನಾಥ ಟಾಗೋರರ ಗೀತಾಂಜಲಿಯ ಸಾಲು ಬರೆದಿತ್ತೆಂದು ತಾಯಿ 1920ರಲ್ಲಿ ಟಾಗೋರರಿಗೆ ಪತ್ರ ಬರೆದು ತಿಳಿಸಿದರು.

ಆ ಯುದ್ಧ ನಮ್ಮಿಂದ ದೂರದ್ದು ಎಂದುಕೊಳ್ಳಬೇಡಿ. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಅದಕ್ಕಾಗಿ ಸಮುದ್ರ ದಾಟಿದರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರಿದ್ದರು. ಆಗ ಹಾಸನವೂ, ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಚಿಕ್ಕಮಗಳೂರೂ ಅದೇ ಮೈಸೂರು ಸಂಸ್ಥಾನದಲ್ಲಿದ್ದವು.

ನಮ್ಮ ಮನೆಯವರು ಸೈನ್ಯದಲ್ಲಿದ್ದಾರೆ. ಇಂಥ ಕವಿತೆ ಓದುವುದು ಅವರಿಗೆ ಅಗೌರವವಲ್ಲವೇ?

ಓವೆನ್‌ಗೂ ಅವನ ಗೆಳೆಯ ಸೀಗ್‌ಫ್ರೆಡ್ ಸಸೂನ್‌ಗೂ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಬಂದಿತ್ತು. ಯುದ್ಧವನ್ನು ವಿನಾಕಾರಣ ಎಳೆಯಲಾಗುತ್ತಿದೆ ಎಂದು 1917ರಲ್ಲಿ ಸಸೂನ್ ಹೊರಡಿಸಿದ ಹೇಳಿಕೆಯನ್ನು ಬ್ರಿಟಿಷ್ ಸಂಸತ್ತಿನಲ್ಲಿ ಓದಲಾಯಿತು. ಅವರ ಸಿಟ್ಟು ಪಕ್ಕದಲ್ಲಿ ನಿಂತ ಸಿಪಾಯಿಯ ಮೇಲಲ್ಲ; ಮನೆಯಲ್ಲಿ ಕೂತು ಸಾವನ್ನು ಹಾಡಿ ಹೊಗಳುವವರ ಮೇಲೆ. ರಜೆಗೆ ಬಂದ ಯೋಧರು ಇಂಥ ಕವಿತೆಗಳನ್ನು ಬೇರೆಯವರಿಗಿಂತ ಬೇಗ ಹಿಡಿಯುತ್ತಾರೆ. ಆದರೂ ಒಂದು ಎಚ್ಚರಿಕೆ ಇರಲಿ: ಮನೆಯಲ್ಲಿ ಇತ್ತೀಚೆಗೆ ಸಾವು ಕಂಡವರು ಸಭೆಯಲ್ಲಿದ್ದರೆ ಏನು ಓದುತ್ತೀರಿ ಎಂದು ಅವರಿಗೆ ಮೊದಲೇ ತಿಳಿಸಿ. ಎದ್ದು ಹೋಗಬೇಕೆನಿಸಿದರೆ ಅವರಿಗೆ ಮುಜುಗರವಾಗದಂತೆ ಬಾಗಿಲ ಬಳಿ ಕುರ್ಚಿ ಹಾಕಿ.

ಕವಿತೆಯಿಂದ ಯಾವ ಯುದ್ಧವಾದರೂ ನಿಂತಿದೆಯೇ?

ಇಲ್ಲ.

ಹಾಗಾದರೆ ಇವತ್ತು ಯಾಕೆ ಓದಬೇಕು?

ಯುದ್ಧ ನಡೆಯುವುದಕ್ಕೆ ಮದ್ದುಗುಂಡಿನಷ್ಟೇ ಮಾತೂ ಬೇಕು. ಸತ್ತವರನ್ನು ಸಂಖ್ಯೆ ಮಾಡುವ, ಎದುರಿನವರನ್ನು ಕ್ರಿಮಿಕೀಟ ಎನ್ನುವ, ಸಂಜೆಯ ಸುದ್ದಿಯನ್ನು ಕ್ರಿಕೆಟ್ ಸ್ಕೋರಿನಂತೆ ಹೇಳುವ ಭಾಷೆ ಇಲ್ಲದಿದ್ದರೆ ಸಾಮಾನ್ಯ ಜನ ಇನ್ನೊಂದು ಊರಿನ ಮಕ್ಕಳ ಸಾವಿಗೆ ಚಪ್ಪಾಳೆ ತಟ್ಟುವುದಿಲ್ಲ. ಕವಿತೆ ಆ ಭಾಷೆಯ ಮೇಲೆ ಕೆಲಸ ಮಾಡುತ್ತದೆ. ಲಕ್ಷಣಕುಮಾರನ ಪದ್ಯ ಬಾಯಿಪಾಠವಿರುವವರಿಗೆ 'ಇಂದು ಇಷ್ಟು ಮಂದಿ ಬಲಿ' ಎಂಬ ಸಾಲು ಮೊದಲಿನಷ್ಟು ಸಲೀಸಾಗಿ ಕಣ್ಣಿನಿಂದ ಜಾರಿಹೋಗುವುದಿಲ್ಲ.

ಪೋಲೆಂಡಿನ ವಿಸ್ಲಾವಾ ಶಿಂಬೋರ್ಸ್ಕಾ 1993ರಲ್ಲಿ ಪ್ರಕಟಿಸಿದ 'ಕೊನೆ ಮತ್ತು ಮೊದಲು' ಎಂಬ ಕವಿತೆ ಇನ್ನೊಂದನ್ನು ನೆನಪಿಸುತ್ತದೆ. ಯುದ್ಧ ಮುಗಿದ ಮೇಲೆ ಯಾರೋ ಗುಡಿಸಬೇಕು, ಹೆಣದ ಗಾಡಿಗಳು ಹೋಗಲು ಇಟ್ಟಿಗೆ ಚೂರುಗಳನ್ನು ದಾರಿಯ ಅಂಚಿಗೆ ತಳ್ಳಬೇಕು, ಕಿಟಕಿಗೆ ಗಾಜು ಹಾಕಬೇಕು. ಅಷ್ಟರಲ್ಲಿ ಕ್ಯಾಮೆರಾಗಳು ಬೇರೊಂದು ಯುದ್ಧಕ್ಕೆ ಹೊರಟುಹೋಗಿರುತ್ತವೆ. ಮೊಬೈಲಿನಲ್ಲಿ ಯುದ್ಧ ನೋಡುವ ನಮಗೆ ಆ ಒಂದು ಮಾತೇ ಸಾಕು.

ಎಲ್ಲಿಂದ ಶುರು ಮಾಡಲಿ?

ಚಿಕ್ಕದರಿಂದ. ಮೊದಲ ವಾರ ಮೇಲಿನ ಕಂದಪದ್ಯ. ಎರಡನೆಯ ವಾರ ತಮಿಳಿನ ಹಳೆಯ ಪದ್ಯಸಂಕಲನ ಪುರನಾನೂರಿನ 112ನೆಯ ಪದ್ಯದ ಅನುವಾದ. ಅದು ಯುದ್ಧದಲ್ಲಿ ಸೋತ ಪಾರಿ ಎಂಬ ನಾಯಕನ ಹೆಣ್ಣುಮಕ್ಕಳದು: ಹೋದ ತಿಂಗಳ ಬೆಳದಿಂಗಳಲ್ಲಿ ಅಪ್ಪನಿದ್ದ, ಬೆಟ್ಟವಿತ್ತು, ಈ ತಿಂಗಳ ಬೆಳದಿಂಗಳಲ್ಲಿ ಗೆದ್ದ ರಾಜರು ಬೆಟ್ಟ ತೆಗೆದುಕೊಂಡರು, ಅಪ್ಪನೂ ಇಲ್ಲ. ಐದೇ ಸಾಲು. ಮೂರನೆಯ ವಾರ ಎಂಟನೆಯ ಶತಮಾನದ ಚೀನಾದ ದು ಫು ಬರೆದ ಯುದ್ಧರಥಗಳ ಹಾಡು. ಸೇನೆಗೆ ಹಿಡಿದುಕೊಂಡು ಹೋದ ಗಂಡಸರ ಬಟ್ಟೆ ಹಿಡಿದೆಳೆದು ಹೆಂಡಿರುಮಕ್ಕಳು ಅಳುತ್ತಾರೆ, ಗದ್ದೆಗಳು ಮುಳ್ಳು ಬೆಳೆಯುತ್ತವೆ, ಆದರೂ ತೆರಿಗೆ ಕೇಳಲು ಅಧಿಕಾರಿ ಬರುತ್ತಾನೆ. ಆಮೇಲೆ ಓವೆನ್. ಆಮೇಲೆ ಸಾಹಿರ್ ಲೂಧಿಯಾನ್ವಿ: ಯುದ್ಧವೇ ಒಂದು ಸಮಸ್ಯೆ, ಅದು ಸಮಸ್ಯೆಗಳಿಗೆ ಪರಿಹಾರ ಕೊಟ್ಟೀತೇ ಎಂಬ ಅವರ ಉರ್ದು ಸಾಲು ಎಲ್ಲರೂ ಬಲ್ಲದ್ದು. ಇಷ್ಟಾದ ಮೇಲೆ ಜನ್ನನನ್ನೋ ಕುವೆಂಪು ನಾಟಕವನ್ನೋ ಪೂರ್ತಿಯಾಗಿ ಹಿಡಿಯಿರಿ. ವಾರಕ್ಕೆ ಒಂದಕ್ಕಿಂತ ಹೆಚ್ಚು ಬೇಡ. ಒಂದೇ ದಿನ ಹತ್ತು ಓದಿದರೆ ಎಲ್ಲವೂ ಒಂದೇ ಅಳುವಾಗಿ ಕೇಳಿಸುತ್ತದೆ.

ಊರಿನಲ್ಲಿ ಒಂದು ಕಾವ್ಯವಾಚನ ಮಾಡಬೇಕು. ಎಷ್ಟು ಕವಿತೆ, ಎಷ್ಟು ಹೊತ್ತು?

ಒಂಬತ್ತು ಕವಿತೆ, ಎಪ್ಪತ್ತು ನಿಮಿಷ. ಪ್ರತಿ ಕವಿತೆಗೆ ಒಂದು ನಿಮಿಷದ ಪೀಠಿಕೆ, ಎರಡು ಸಲ ಓದು. ಮೊದಲ ಓದಿನಲ್ಲಿ ಜನ ದನಿಗೆ ಹೊಂದಿಕೊಳ್ಳುತ್ತಾರೆ, ಎರಡನೆಯದರಲ್ಲಿ ಕವಿತೆ ಕೇಳುತ್ತಾರೆ. ಓದುವವರು ನಾಲ್ಕು ಜನ ಸಾಕು, ಅದರಲ್ಲಿ ಒಬ್ಬರು ಗಮಕಿ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವವರು, ಆಗಿದ್ದರೆ ಒಳ್ಳೆಯದು. ಷಟ್ಪದಿ, ಕಂದಗಳನ್ನು ಅವರಿಗೆ ಬಿಡಿ. ಅನುವಾದಗಳನ್ನು ಮಾತಿನ ದನಿಯಲ್ಲಿ ಓದಿ.

ನಲವತ್ತು ಜನರ ನಿರೀಕ್ಷೆಯಿದ್ದರೆ ಐವತ್ತು ಪ್ರತಿ ಜೆರಾಕ್ಸ್ ಮಾಡಿಸಿ. ಅಕ್ಷರ 14 ಪಾಯಿಂಟಿಗಿಂತ ಚಿಕ್ಕದಾದರೆ ಹಿರಿಯರಿಗೆ ಕಾಣುವುದಿಲ್ಲ. ಅಂಗಡಿಗೆ ಪಿಡಿಎಫ್ ಮಾಡಿಕೊಂಡೇ ಹೋಗಿ. ಹಳಗನ್ನಡದ ೞ, ಱ ಅಕ್ಷರಗಳು ಕೆಲವು ಫಾಂಟುಗಳಲ್ಲಿ ಚೌಕವಾಗಿ ಬಿಡುತ್ತವೆ, ಅದು ಗೊತ್ತಾಗುವುದು ಪ್ರತಿ ಕೈಗೆ ಬಂದ ಮೇಲೆ. ದಿನ ಆರಿಸುವಾಗ ಹಿರೋಷಿಮಾ ದಿನವಾದ ಆಗಸ್ಟ್ 6 ಸಹಜವಾಗಿ ಹೊಳೆಯುತ್ತದೆ. ಆದರೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಅದು ಜಡಿಮಳೆಯ ಕಾಲ. ಶೀಟಿನ ಮಾಡಿನ ಸಭಾಂಗಣದಲ್ಲಿ ಮೈಕಿದ್ದರೂ ಮಾತು ಕೇಳದು. ಹೆಂಚಿನ ಮನೆಯ ಜಗಲಿಯೋ ತಾರಸಿಯ ಕಟ್ಟಡವೋ ಆಗಬೇಕು. ಕರೆಂಟ್ ಹೋದೀತೆಂದು ಬ್ಯಾಟರಿ ಸ್ಪೀಕರನ್ನು ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಡಿ. ನವೆಂಬರ್ 11, ಅಂದರೆ ಕದನವಿರಾಮದ ದಿನ, ಹವೆಯ ದೃಷ್ಟಿಯಿಂದ ಹೆಚ್ಚು ಅನುಕೂಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ತೋಟದ ಕಡೆಯವರು ಬರುವುದು ಕಷ್ಟ.

ಇಂಥ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಏನು ಕೆಡುತ್ತದೆ?

ಓದುವವರು ಅಳುತ್ತಾರೆ ಅಥವಾ ಅಬ್ಬರಿಸುತ್ತಾರೆ. ದುಃಖವನ್ನು ಓದುಗರೇ ಖರ್ಚು ಮಾಡಿಬಿಟ್ಟರೆ ಕೇಳುಗರಿಗೆ ಉಳಿಯುವುದಿಲ್ಲ. ಸಮದನಿಯಲ್ಲಿ, ಸಾಲಿನ ಕೊನೆಯನ್ನು ನುಂಗದೆ ಓದಬೇಕು.

ಪೀಠಿಕೆ ಭಾಷಣವಾಗುತ್ತದೆ. ಅಧ್ಯಕ್ಷರು, ಅತಿಥಿಗಳು, ಸ್ವಾಗತ, ವಂದನಾರ್ಪಣೆ ಸೇರಿ ಒಂದು ಗಂಟೆ ಹೋಗಿ, ಕವಿತೆಗೆ ಇಪ್ಪತ್ತು ನಿಮಿಷ ಉಳಿಯುತ್ತದೆ. ವೇದಿಕೆಯನ್ನೇ ಹಾಕದೆ ಎಲ್ಲರೂ ಸುತ್ತಲೂ ಕೂತರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಮೂರನೆಯದು ಚರ್ಚೆ. ಕವಿತೆ ಮುಗಿದ ಕೂಡಲೇ ಯಾರೋ ಇವತ್ತಿನ ಒಂದು ಯುದ್ಧದ ಹೆಸರೆತ್ತುತ್ತಾರೆ, ಯಾರ ತಪ್ಪು ಎಂಬ ಜಗಳ ಹತ್ತಿಕೊಳ್ಳುತ್ತದೆ, ಕವಿತೆ ಮರೆತುಹೋಗುತ್ತದೆ. ಆ ಜಗಳ ಬೇಡವೆಂದಲ್ಲ. ಮೊದಲ ಹದಿನೈದು ನಿಮಿಷ ಕೈಯಲ್ಲಿರುವ ಹಾಳೆಯ ಸಾಲುಗಳ ಬಗ್ಗೆ ಮಾತ್ರ ಮಾತು ಎಂದು ಮೊದಲೇ ಹೇಳಿಬಿಡಿ. ನಂತರದ ಮಾತಿನ ಧಾಟಿಯೇ ಬದಲಾಗುತ್ತದೆ.

ಶಾಲೆಯ ಮಕ್ಕಳಿಗೆ ಯಾವುದು ಸೂಕ್ತ?

ಪ್ರಾಥಮಿಕ ಶಾಲೆಗೆ ಗೋವಿನ ಹಾಡೇ ಸಾಕು. ಅದು ಯುದ್ಧದ ಕತೆಯಲ್ಲ, ಆದರೆ ಆಯುಧವಿಲ್ಲದವರ ಎದುರು ಬಲಶಾಲಿ ಸೋಲುವುದನ್ನು ಅಷ್ಟು ಚೆನ್ನಾಗಿ ಹೇಳುವ ಪದ್ಯ ಇನ್ನೊಂದಿಲ್ಲ. ಹೈಸ್ಕೂಲಿಗೆ ಬಾಹುಬಲಿಯ ಪ್ರಸಂಗ ಮತ್ತು ಟರ್ಕಿಯ ನಾಝಿಮ್ ಹಿಕ್ಮೆತ್ 1956ರಲ್ಲಿ ಬರೆದ ಹಿರೋಷಿಮಾದ ಪುಟ್ಟ ಹುಡುಗಿಯ ಕವಿತೆ. ಏಳು ವರ್ಷಕ್ಕೆ ಸತ್ತು ಏಳೇ ವರ್ಷದವಳಾಗಿ ಉಳಿದ ಅವಳು ಮನೆಮನೆಯ ಬಾಗಿಲು ತಟ್ಟುತ್ತಾಳೆ. ತನಗೇನೂ ಬೇಡ, ಮಕ್ಕಳು ಸಾಯದಿರಲಿ, ಸಕ್ಕರೆ ಮಿಠಾಯಿ ತಿನ್ನುವಂತಿರಲಿ ಎನ್ನುತ್ತಾಳೆ. ಓವೆನ್‌ನನ್ನು ಪಿಯುಸಿಗೆ ಇಟ್ಟುಕೊಳ್ಳಿ, ಅದರ ಕೊನೆಯ ಭಾಗದ ಮೈಯ ವಿವರಗಳು ಚಿಕ್ಕವರಿಗಲ್ಲ. ಮಕ್ಕಳಿಂದ ಪೋಸ್ಟರ್ ಘೋಷಣೆ ಬರೆಸುವ ಬದಲು ಒಂದು ಪದ್ಯವನ್ನು ಬಾಯಿಪಾಠ ಮಾಡಿಸಿ.

ನಾನೇ ಬರೆಯಬೇಕೆಂದಿದ್ದೇನೆ. ಸಲಹೆ?

ಶಾಂತಿ, ಪಾರಿವಾಳ, ಬುದ್ಧನ ನಗು ಇಲ್ಲದೆ ಬರೆಯಿರಿ. ಒಂದೇ ವಸ್ತು ಆರಿಸಿ: ಒಂದು ಟ್ರಂಕು, ಬಸ್ ನಿಲ್ದಾಣ, ಕೊನೆಯ ಫೋನ್ ಕರೆಯ ಸಮಯ. ನೋಡದ ರಣರಂಗವನ್ನು ವರ್ಣಿಸಲು ಹೋದರೆ ಸಿನಿಮಾದಿಂದ ಸಾಲ ತಂದಂತಾಗುತ್ತದೆ. ನಿಮಗೆ ಗೊತ್ತಿರುವ ಮನೆಯೊಳಗೆ ಯುದ್ಧದ ಸುದ್ದಿ ಬರುವುದನ್ನು ಬರೆದರೆ ಅಂಥ ಅಪಾಯವಿಲ್ಲ. ಆಯುಧದ ಹೆಸರು, ಊರು, ತಾರೀಖು ಹಾಕಿದರೆ ಸರಿಯಾಗಿರಲಿ. ಬರೆದು ಹತ್ತು ದಿನ ಬಿಟ್ಟು ಗಟ್ಟಿಯಾಗಿ ಓದಿ, ಆಮೇಲೆ ಕೊನೆಯ ನುಡಿಯನ್ನು ತೆಗೆದುಹಾಕಿ ನೋಡಿ. ಬಹಳ ಸಲ ನೀತಿ ಹೇಳಿರುವುದು ಅಲ್ಲೇ.

ಅನುವಾದ ಓದಲು, ಅಚ್ಚು ಹಾಕಲು ಅನುಮತಿ ಬೇಕೇ?

ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಓವೆನ್, ಟಾಗೋರ್ ಮುಕ್ತ. 1963ರಲ್ಲಿ ತೀರಿಕೊಂಡ ಹಿಕ್ಮೆತ್ ಅವರ ಮೂಲ 2023ರ ಕೊನೆಗೆ ಮುಕ್ತವಾಯಿತು. 1967ರಲ್ಲಿ ತೀರಿಕೊಂಡ ಸಸೂನ್ 2027ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು 2054ರ ಕೊನೆಯವರೆಗೆ ಹಕ್ಕಿನಲ್ಲಿರುತ್ತಾರೆ. ಹೆಚ್ಚಿನವರು ಎಡವುವುದು ಅನುವಾದದ ವಿಷಯದಲ್ಲಿ. ದು ಫು ಮುಕ್ತ, ಆದರೆ ಅವನ ಕನ್ನಡ ಅನುವಾದದ ಹಕ್ಕು ಅನುವಾದಕರದು. ಪ್ರಕಟಿತ ಕೃತಿಯಿಂದ ಮಿತವಾದ ಭಾಗವನ್ನು ಸಭೆಯಲ್ಲಿ ಓದಲು, ಟಿಕೆಟ್ ಇಲ್ಲದ ಹವ್ಯಾಸಿ ಪ್ರದರ್ಶನ ಮಾಡಲು ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಪುಸ್ತಕವಾಗಿ ಅಚ್ಚು ಹಾಕುವುದಾದರೆ, ಹಕ್ಕು ಮುಗಿಯದ ಕೃತಿಗೆ ಲಿಖಿತ ಅನುಮತಿ ಪಡೆಯಿರಿ.

ಈ ಕಾವ್ಯಗಳಿಗೆ ಸಂಬಂಧಿಸಿದ ಜಾಗಗಳನ್ನು ನೋಡಬಹುದೇ?

ಎರಡು ದಿನ ಬೇಕು. ಮೊದಲ ದಿನ ಬೆಳಗ್ಗೆಯೇ ಶ್ರವಣಬೆಳಗೊಳ. ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕು, ಹತ್ತು ಗಂಟೆ ದಾಟಿದರೆ ಬಂಡೆ ಕಾಯುತ್ತದೆ. 981ರ ಸುಮಾರಿಗೆ ಸೇನಾಪತಿ ಚಾವುಂಡರಾಯ ಮಾಡಿಸಿದ್ದು ಆ 58 ಅಡಿಯ ಗೊಮ್ಮಟ. ಗೆದ್ದೂ ಬಿಟ್ಟವನ ವಿಗ್ರಹವನ್ನು ನಿಲ್ಲಿಸಿದವನು ಯುದ್ಧಗಳನ್ನು ಗೆದ್ದವನೇ. ತೊಡೆ, ತೋಳುಗಳಿಗೆ ಹಬ್ಬಿದ ಬಳ್ಳಿ, ಪಾದದ ಬಳಿಯ ಹುತ್ತಗಳನ್ನು ನಿಧಾನವಾಗಿ ನೋಡಿ. ಎದುರಿನ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಶ್ರೀ ಕವಿರತ್ನ' ಎಂಬ ಕೊರೆತವಿದೆ, ಅದನ್ನು ರನ್ನನದೆಂದು ವಿದ್ವಾಂಸರು ಗುರುತಿಸಿದ್ದಾರೆ.

ಎರಡನೆಯ ದಿನ ಹಳೇಬೀಡು. ಹೊಯ್ಸಳೇಶ್ವರದ ಗೋಡೆಯಲ್ಲಿ ಚಕ್ರವ್ಯೂಹದ ಕೆತ್ತನೆಯಿದೆ. ಅಭಿಮನ್ಯುವನ್ನು ಅಲ್ಲಿ ಹುಡುಕಿ, ರನ್ನನ ಪದ್ಯ ಅಲ್ಲೇ ಓದಿ. ಆಗ ದೋರಸಮುದ್ರ ಎನಿಸಿಕೊಂಡಿದ್ದ ಇದೇ ಊರಿನ ಮೇಲೆ 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರನ ಸೇನೆ ಬಂದೆರಗಿತು. ಅಲ್ಲಿಂದ 16 ಕಿಲೋಮೀಟರ್ ಬೇಲೂರು, ಮುಂದೆ ಹಲ್ಮಿಡಿ. ಶಾಸನದ ಮೂಲ ಕಲ್ಲು ಈಗ ಊರಿನಲ್ಲಿಲ್ಲ, ಪ್ರತಿಕೃತಿಯಿದೆ.

ಪುಸ್ತಕಗಳು ಎಲ್ಲಿ ಸಿಗುತ್ತವೆ?

ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ. ಹಳಗನ್ನಡ ಕಾವ್ಯಗಳನ್ನು ಕೊಳ್ಳುವಾಗ ಗದ್ಯಾನುವಾದ ಸಹಿತವಾದ ಮುದ್ರಣವನ್ನೇ ಕೇಳಿ ಪಡೆಯಿರಿ. ಕನ್ನಡ ಸಾಹಿತ್ಯ ಪರಿಷತ್ತು ಇಂಥವನ್ನು ಹೊರತಂದಿದೆ. ಬರೀ ಮೂಲ ಇರುವ ಪುಸ್ತಕ ತಂದುಕೊಂಡು ಮೊದಲ ಆಶ್ವಾಸಕ್ಕೇ (ಅಧ್ಯಾಯಕ್ಕೇ) ಕೈಬಿಟ್ಟವರು ಬಹಳ. ಗದಾಯುದ್ಧವನ್ನು ಮೊದಲಿನಿಂದ ಹಿಡಿಯಬೇಕಾಗಿಲ್ಲ. ದುರ್ಯೋಧನ ಸಂಜಯನೊಂದಿಗೆ ರಣರಂಗದಲ್ಲಿ ನಡೆಯತೊಡಗುವ ಪುಟ ಹುಡುಕಿ, ಅಲ್ಲಿಂದ ಅವನು ವೈಶಂಪಾಯನ ಸರೋವರ ಸೇರುವವರೆಗೆ ಓದಿ. ಎರಡು ಸಂಜೆ ಹಿಡಿಯುತ್ತದೆ.